ಅರಳು ಮರಳು ಎನ್ನುವ ಮೊದಲು

"ಅರವತ್ತಕ್ಕೆ ಅರಳು ಮರಳು" ಎಂಬ ಮಾತು ನಮ್ಮ ಹೊಸೂರು ಕಡೆಯ ಹಳ್ಳಿಗಳಲ್ಲೂ ಇದೆ. ಅಜ್ಜಿ ಮೊಮ್ಮಗನ ಹೆಸರು ಮರೆತರೆ ನಕ್ಕು ಸುಮ್ಮನಾಗುತ್ತೇವೆ. ನಾನೂ ಹಾಗೆ ನಕ್ಕವನೇ. ಆದರೆ ಈ ಮರೆವಿನ ಬೇರನ್ನು ಅಣುಗಳ ಮಟ್ಟದಲ್ಲಿ ಹುಡುಕಿದ ವಿಜ್ಞಾನಿಯೊಬ್ಬರ ಕೆಲಸ ಈಗ ನಮ್ಮ ಪಕ್ಕದ ಕೋಲಾರ ಜಿಲ್ಲೆಯ ಹಳ್ಳಿಗಳವರೆಗೂ ಬಂದಿದೆ. ಅವರು ಡಾ. ವಿಜಯಲಕ್ಷ್ಮಿ ರವೀಂದ್ರನಾಥ್.

ಆಂಧ್ರ ವಿಶ್ವವಿದ್ಯಾಲಯದಲ್ಲಿ ಓದಿದ ಇವರು 1981ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಅಮೆರಿಕದಲ್ಲಿ ಸಂಶೋಧನೆ ಮಾಡಿ ಬಂದು 1986ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸೇರಿದರು. ನುಂಗಿದ ಮಾತ್ರೆಯನ್ನು ಯಕೃತ್ತು ಒಡೆಯುತ್ತದೆ ಎಂದು ನಾವು ಪಾಠ ಹೇಳುತ್ತೇವಲ್ಲ, ಆ ಕೆಲಸವನ್ನು ಮಿದುಳೂ ಮಾಡಬಲ್ಲದೇ ಎಂದು ಅವರು ಅಲ್ಲಿ ಹುಡುಕಿದರು. 1996ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು. 2000ದಲ್ಲಿ ಹರಿಯಾಣದ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರಕ್ಕೆ ಸ್ಥಾಪಕ ನಿರ್ದೇಶಕರಾದರು. 2009ರ ಹೊತ್ತಿಗೆ ಮತ್ತೆ ಬೆಂಗಳೂರು, ಭಾರತೀಯ ವಿಜ್ಞಾನ ಸಂಸ್ಥೆ. 2010ರಲ್ಲಿ ಪದ್ಮಶ್ರೀ.

ನೆನಪು ಎಂದರೆ ನರಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗುವುದು. ನರಕೋಶದ ಕೊಂಬೆಗಳ ಮೇಲೆ ಮುಳ್ಳಿನಂಥ ಸಣ್ಣ ಮೊಗ್ಗುಗಳಿರುತ್ತವೆ, ಸಂಪರ್ಕ ಕೂಡುವುದು ಅಲ್ಲೇ. ಆ ಮೊಗ್ಗಿಗೆ ಆಕಾರ ಕೊಡುವ ಚಪ್ಪರದ ಗಳು ಆಕ್ಟಿನ್ ಎಂಬ ಪ್ರೋಟೀನು. ಆಲ್‌ಝೈಮರ್ಸ್ ಬರುವಂತೆ ಬೆಳೆಸಿದ ಇಲಿಗಳಲ್ಲಿ ಈ ಗಳುಗಳು ಎಳೆಯ ವಯಸ್ಸಿನಲ್ಲೇ, ಮರೆವು ಕಾಣುವ ಮೊದಲೇ ಕಳಚುತ್ತವೆಂದು ಇವರ ತಂಡ 2018ರಲ್ಲಿ ತೋರಿಸಿತು. ಅಂದರೆ ನಾವು ನಗುವ ಹೊತ್ತಿಗೆ ಒಳಗೆ ಬಹಳ ಕಾಲ ಕಳೆದಿರುತ್ತದೆ.

ಇದಕ್ಕೂ ಮೊದಲು, 2012ರಲ್ಲಿ, ನಮ್ಮ ಅಶ್ವಗಂಧದ ಬೇರಿನ ಸಾರ ಇಂಥ ಇಲಿಗಳ ಮರೆವನ್ನು ತಗ್ಗಿಸಿತೆಂದು ಇವರ ತಂಡ ಪ್ರಕಟಿಸಿತ್ತು. ವಿಚಿತ್ರವೆಂದರೆ ಅದು ಕೆಲಸ ಮಾಡಿದ್ದು ಯಕೃತ್ತಿನ ಮೂಲಕ. (ಇದನ್ನು ಓದಿ ಅಂಗಡಿಗೆ ಓಡಬೇಡಿ, ಅದು ಇಲಿಗಳ ಮಾತು.)

ಮುಂದೆ ಇವರು ಸಂಸ್ಥೆಯ ಆವರಣದಲ್ಲೇ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿದರು. 45 ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವ ಗುರಿಯಿಟ್ಟು ಆ ಕೇಂದ್ರ 2018ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಅಧ್ಯಯನ ಆರಂಭಿಸಿತು. ರಕ್ತ, ಸ್ಕ್ಯಾನ್, ನೆನಪಿನ ಪರೀಕ್ಷೆ ಎಲ್ಲವೂ ಇದೆ. ಮರೆವಿನ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಪಾಶ್ಚಾತ್ಯರನ್ನು ನೋಡಿ ತಿಳಿದದ್ದು. ರಾಗಿ ಹೊಲದಲ್ಲಿ ದುಡಿದವರ ಲೆಕ್ಕ ಅದರಲ್ಲಿ ಇರಲಿಲ್ಲ.

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು ಮರೆವಿನ ಅಪಾಯ ಹೆಚ್ಚಿಸುತ್ತವೆಂದು ವೈದ್ಯರು ಹೇಳುತ್ತಾರೆ. ಬಾಲ್ಯದಲ್ಲಿ ಶಾಲೆ ಸಿಗದಿದ್ದುದೂ ಆ ಪಟ್ಟಿಯಲ್ಲಿದೆ. ನಮ್ಮ ಶಾಲೆಯ ಮಕ್ಕಳ ಅಜ್ಜಿಯರಲ್ಲಿ ಹೆಚ್ಚಿನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಈ ಗಡಿಯಲ್ಲಿ ನಮ್ಮ ಮಕ್ಕಳಿಗೆ ಮನೆಯ ಕನ್ನಡ ಕಲಿಸಿದವರು ಅವರೇ.