ಗೂಢಚಾರ ಚಿತ್ರಮಾಲಿಕೆಯೂ ಪ್ರೇಕ್ಷಕರ ಆಶಾಭಂಗವೂ

೧. ಉಪೋದ್ಘಾತ

ಒಂದು ಕಾಲದ ಜನರು ಯಾವದನ್ನು ಮೆಚ್ಚಿದರೆಂಬದನ್ನು ಇತಿಹಾಸಕಾರರು ಶ್ರದ್ಧೆಯಿಂದ ಬರೆದಿಡುವರು. ಯಾವದನ್ನು ಮೆಚ್ಚದೆ ಎದ್ದುಹೋದರೆಂಬದನ್ನು ಬರೆದಿಡುವವರು ವಿರಳ. ಬಹುದಿನ ನಡೆದ ಚಿತ್ರದ ಕೀರ್ತಿಯು ಪತ್ರಿಕೆಗಳಲ್ಲಿ ಉಳಿಯುವದು. ಡೇರೆಯಿಂದ ಮನೆಗೆ ಹಿಂದಿರುಗುವ ದಾರಿಯಲ್ಲಿ ಜನರಾಡಿದ ಅಸಮಾಧಾನದ ಮಾತು ಆ ರಾತ್ರಿಯೇ ಅಡಗಿಹೋಗುವದು. ಆದರೆ ಕಲೆಯ ಚರಿತ್ರೆಯನ್ನು ಬರೆಯಲು ಹೊರಟವನಿಗೆ ಈ ಎರಡನೆಯ ಸಾಕ್ಷ್ಯವೂ ಮೊದಲನೆಯದರಷ್ಟೇ ಅವಶ್ಯವಾದದ್ದು. ಆದಕಾರಣ ಕನ್ನಡದ ಪ್ರಥಮ ಗೂಢಚಾರ ಚಿತ್ರಮಾಲಿಕೆಯಾದ ‘ಸಿ.ಐ.ಡಿ. ೯೯೯’ರ ನಾಲ್ಕು ಚಿತ್ರಗಳನ್ನೂ, ಅವುಗಳಲ್ಲಿ ಕೊನೆಯದಕ್ಕೆ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ದೊರೆತ ಪ್ರತಿಕ್ರಿಯೆಯನ್ನೂ ಲಕ್ಷಣಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸುವದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಸಿನೇಮವು ಪಂಡಿತರ ವಿಚಾರಕ್ಕೆ ತಕ್ಕ ವಸ್ತುವಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವು ಸುಲಭ. ನಾಟ್ಯವು ಸರ್ವವರ್ಣದವರಿಗೂ ಸಲ್ಲತಕ್ಕ ಐದನೆಯ ವೇದವೆಂದು ಭರತಮುನಿಯ ಅಭಿಪ್ರಾಯ. ನಮ್ಮ ಕಾಲದಲ್ಲಿ ಸರ್ವವರ್ಣದವರೂ ಒಂದೇ ನೆಲದ ಮೇಲೆ ಕುಳಿತು ನೋಡಿದ ನಾಟ್ಯವು ಯಾವದೆಂದು ಕೇಳಿದರೆ ಡೇರೆಯ ಸಿನೇಮವೆಂದೇ ಉತ್ತರ ಹೇಳಬೇಕಾಗುವದು.

೨. ಗೂಢಚಾರಕಥೆಯ ಪೂರ್ವಪರಂಪರೆ

ಗೂಢಚಾರನು ಪಶ್ಚಿಮದಿಂದ ಬಂದ ನಾಯಕನೆಂಬ ಭಾವನೆ ಸಾಮಾನ್ಯರಲ್ಲಿ ಬೇರೂರಿದೆ. ಆದರೆ ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿಯೇ ಗೂಢಪುರುಷರ ನೇಮಕಕ್ಕೂ ಸಂಚಾರಕ್ಕೂ ಎರಡು ಅಧ್ಯಾಯಗಳು ಮೀಸಲಾಗಿವೆ. ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸ, ಸತ್ರಿ, ತೀಕ್ಷ್ಣ, ರಸದ, ಭಿಕ್ಷುಕಿ ಎಂಬ ಅವರ ಭೇದಗಳನ್ನು ನೋಡಿದರೆ, ಇಂದಿನ ಚಿತ್ರಕಥೆಗಾರರು ಹೊಸದಾಗಿ ಕಲ್ಪಿಸುವದಕ್ಕೆ ಹೆಚ್ಚೇನೂ ಉಳಿದಿಲ್ಲವೆಂದು ತೋರುವದು.

ಇನ್ನು ರೂಪಕಗಳಲ್ಲಿ ವಿಶಾಖದತ್ತನ ಮುದ್ರಾರಾಕ್ಷಸವು ಆದ್ಯಂತವಾಗಿ ಚಾರರ ಕಥೆಯೇ ಆಗಿದೆ. ಕ್ಷಪಣಕವೇಷದ ಜೀವಸಿದ್ಧಿ, ಮುದ್ರೆಯುಂಗುರವನ್ನು ತಂದುಕೊಡುವ ನಿಪುಣಕ, ಮಿತ್ರನಂತೆ ನಟಿಸುವ ಸಿದ್ಧಾರ್ಥಕ ಇವರೆಲ್ಲರೂ ಚಾಣಕ್ಯನ ಕೈಗೊಂಬೆಗಳು. ಏಳು ಅಂಕಗಳ ಆ ನಾಟಕದಲ್ಲಿ ನಾಯಿಕೆಯಿಲ್ಲ, ಶೃಂಗಾರವಿಲ್ಲ. ಆದರೂ ಅದು ನೀರಸವೆನಿಸಿಲ್ಲ. ಬುದ್ಧಿಯ ಬಲೆಯು ಎಳೆಯೆಳೆಯಾಗಿ ಹೆಣೆಯಲ್ಪಡುವದನ್ನು ನೋಡುವದೇ ಅಲ್ಲಿಯ ಆನಂದ. ಗೂಢಚಾರಕಥೆಯ ಜೀವವು ವೇಷಭೂಷಣಗಳಲ್ಲಿಲ್ಲ, ಉಪಾಯದ ಸಂಭಾವ್ಯತೆಯಲ್ಲಿದೆ ಎಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿಚಾರಕ್ಕೆ ಇದೇ ಒರೆಗಲ್ಲು.

೩. ಪ್ರಕಾಶನ ನಾಲ್ಕು ಚಿತ್ರಗಳು

ಆಂಗ್ಲ ಗೂಢಚಾರ ಜೇಮ್ಸ್ ಬಾಂಡನ ಮೊದಲನೆಯ ಚಿತ್ರ ‘ಡಾಕ್ಟರ್ ನೋ’ ೧೯೬೨ರಲ್ಲಿ ಹೊರಟಿತು. ಆ ಮಾಲಿಕೆಯ ಪ್ರಭಾವದಿಂದ ದೊರೈ ಮತ್ತು ಭಗವಾನ್ ಎಂಬ ನಿರ್ದೇಶಕದ್ವಯರು ೧೯೬೮ರಲ್ಲಿ ‘ಜೇಡರ ಬಲೆ’ಯನ್ನು ತೆರೆಗೆ ತಂದರು. ನಾಯಕನ ಹೆಸರು ಪ್ರಕಾಶ, ಸಂಖ್ಯೆ ೯೯೯, ಪಾತ್ರಧಾರಿ ರಾಜಕುಮಾರರು, ನಾಯಿಕೆ ಜಯಂತಿಯವರು. ಕತ್ತಲೆಯಲ್ಲಿ ಸಂಚರಿಸತಕ್ಕವನಿಗೆ ಪ್ರಕಾಶನೆಂದು ಹೆಸರಿಟ್ಟುದು ಉದ್ದೇಶಪೂರ್ವಕವೋ ಕಾಕತಾಳೀಯವೋ, ಅರ್ಥವಂತೂ ಚೆನ್ನಾಗಿ ಒದಗಿದೆ. ಲೋಹವನ್ನು ಬಂಗಾರವಾಗಿ ಮಾಡುವ ಸೂತ್ರವೊಂದರ ಸುತ್ತ ಹೆಣೆದ ಕಥೆಯದು. ರಸವಾದಿಗಳ ಕಥೆಗಳನ್ನು ಕೇಳಿ ಬೆಳೆದ ನಮ್ಮ ಜನರಿಗೆ ಅದು ಅಪರಿಚಿತವೆನಿಸಿರಲಿಕ್ಕಿಲ್ಲ.

ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. ೯೯೯’, ೧೯೬೯ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’ ಬಂದವು. ಎರಡನೆಯದರಿಂದ ಲಕ್ಷ್ಮಿಯವರು ಕನ್ನಡಕ್ಕೆ ಪರಿಚಿತರಾದರು. ಮೂರನೆಯದರಲ್ಲಿ, ಮುಂದೆ ಹಿಂದೀ ಚಿತ್ರರಂಗದಲ್ಲಿ ಪ್ರಖ್ಯಾತರಾದ ರೇಖಾ ಅವರು ಪ್ರಥಮವಾಗಿ ನಾಯಿಕೆಯಾದರು. ಈ ಮೂರೂ ಕಪ್ಪುಬಿಳುಪಿನವು. ತರುವಾಯ ಒಂಬತ್ತು ವರ್ಷಗಳ ವಿರಾಮ. ೧೯೭೮ರಲ್ಲಿ ಅದೇ ನಿರ್ದೇಶಕರು, ಅದೇ ನಾಯಕನು, ಪದ್ಮಪ್ರಿಯ ಅವರು ನಾಯಿಕೆಯಾಗಿ, ವರ್ಣಗಳಲ್ಲಿ, ನೇಪಾಳದ ದೃಶ್ಯಗಳೊಡನೆ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದಿತು. ಇದೇ ಮಾಲಿಕೆಯ ಕೊನೆಯ ಚಿತ್ರ.

ಈ ಒಂಬತ್ತು ವರ್ಷಗಳಲ್ಲಿ ನಾಯಕನು ಪ್ರೇಕ್ಷಕರ ಮನಸ್ಸಿನಲ್ಲಿ ಬೇರೊಬ್ಬನೇ ಆಗಿದ್ದನೆಂಬದನ್ನು ಗಮನಿಸಬೇಕು. ಇದೇ ನಿರ್ದೇಶಕರ ‘ಕಸ್ತೂರಿ ನಿವಾಸ’ (೧೯೭೧), ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’ (೧೯೭೨), ‘ಮಯೂರ’ (೧೯೭೫) ಮುಂತಾದವು ನಡುವೆ ಬಂದುಹೋಗಿದ್ದವು. ೧೯೬೮ರಲ್ಲಿ ಮೂವತ್ತೊಂಬತ್ತು ವಯಸ್ಸಿನ ನಟನು ೧೯೭೮ರಲ್ಲಿ ನಾಲ್ವತ್ತೊಂಬತ್ತರವನು. ದಾನಿಯೂ, ರೈತನೂ, ರಾಜನೂ ಆಗಿ ಜನರ ಮನೆಯ ಹಿರಿಯನಂತೆ ನಿಂತವನು. ಹಿಂದಿನ ಗೂಢಚಾರ ಚಿತ್ರಗಳ ಕಾಲದಲ್ಲಿ ಅವನಿಗೆ ಪಿ. ಬಿ. ಶ್ರೀನಿವಾಸರು ಕಂಠದಾನ ಮಾಡುತ್ತಿದ್ದರು; ನಾಲ್ಕನೆಯದರ ಹೊತ್ತಿಗೆ ಅವನು ತಾನೇ ಹಾಡುತ್ತಿದ್ದನು.

೪. ಈ ಸೀಮೆಯ ಸಭೆ

ಬೆಳಗಾವಿ ಜಿಲ್ಲೆಯು ೧೯೫೬ರ ನವೆಂಬರ ೧ರಂದು ಮುಂಬಯಿ ಪ್ರಾಂತದಿಂದ ಮೈಸೂರು ರಾಜ್ಯಕ್ಕೆ ಬಂದು ಸೇರಿತು. ‘ಜೇಡರ ಬಲೆ’ ಹೊರಟಾಗ ಈ ಸೇರ್ಪಡೆಗೆ ಇನ್ನೂ ಹನ್ನೆರಡೇ ವರ್ಷ. ಗಡಿಗೆ ಸಮೀಪದ ಹುಕ್ಕೇರಿಯ ಕಡೆಯಲ್ಲಿ ಮರಾಠೀ ನಾಟಕವೂ ಹಿಂದೀ ಚಿತ್ರವೂ ಮೊದಲಿನಿಂದ ಪರಿಚಿತ. ಗೋಕಾಕ ಜಲಪಾತದ ಬಳಿಯ ಹತ್ತಿಯ ಗಿರಣಿಯು ಹತ್ತೊಂಬತ್ತನೆಯ ಶತಮಾನದಿಂದಲೂ ನಾನಾ ಊರುಗಳ ಕಾರ್ಮಿಕರನ್ನು ಒಂದೆಡೆ ಸೇರಿಸಿತ್ತು. ಇಂಥ ಸೀಮೆಯಲ್ಲಿ ಕನ್ನಡ ಮಾತಾಡುವ, ಕೋಟು ತೊಟ್ಟ, ಪಿಸ್ತೂಲು ಹಿಡಿದ ಗೂಢಚಾರನೊಬ್ಬನು ತೆರೆಯ ಮೇಲೆ ಬಂದುದು ವಿನೋದ ಮಾತ್ರವಲ್ಲ, ಗೌರವದ ಸಂಗತಿಯೂ ಆಗಿತ್ತು.

ಇದಲ್ಲದೆ ಪುನರಾವೃತ್ತಿಯನ್ನು ಸವಿಯುವ ವಿದ್ಯೆಯು ಈ ಜನರಿಗೆ ಪರಂಪರೆಯಿಂದ ಬಂದುದು. ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತಕ್ಕೆ ರಂಗದ ಮೇಲೆ ಪ್ರಸಿದ್ಧಿಯನ್ನು ತಂದ ಕುಲಗೋಡ ತಮ್ಮಣ್ಣನ ಊರು ಇಂದಿನ ಮೂಡಲಗಿ ತಾಲೂಕಿನಲ್ಲಿದೆ. ಆ ಆಟದಿಂದ ಕೀರ್ತಿವಂತರಾದ ಕೌಜಲಗಿ ನಿಂಗಮ್ಮನವರ ಊರೂ ಇದೇ ಸೀಮೆಯದು. ಪಾರಿಜಾತದ ಹೂವು ರುಕ್ಮಿಣಿಗೆ ಸಲ್ಲುವದು, ಸತ್ಯಭಾಮೆ ಮುನಿಯುವಳು ಎಂಬದನ್ನು ಬಲ್ಲದ ಪ್ರೇಕ್ಷಕನು ಇಲ್ಲಿಲ್ಲ. ಆದರೂ ರಾತ್ರಿಯೆಲ್ಲ ಕುಳಿತು ನೋಡುವನು. ಕಥೆಗಾಗಿ ಅಲ್ಲ, ಹಿಂದಿನ ಭಾಮೆಗಿಂತ ಇಂದಿನ ಭಾಮೆ ಹೇಗೆ ಮುನಿದಳೆಂದು ತೂಗಿ ನೋಡುವದಕ್ಕಾಗಿ. ಇಂಥವನ ಮುಂದೆ ಮಾಲಿಕೆಯ ನಾಲ್ಕನೆಯ ಚಿತ್ರವನ್ನಿಟ್ಟರೆ ಅವನು ಹಿಂದಿನ ಮೂರರೊಡನೆ ಅದನ್ನು ತೂಗದೆ ಬಿಡುವನೆ?

೫. ಒಂದು ಡೇರೆಯ ಸಾಕ್ಷ್ಯ

ಈ ಲೇಖಕನು ಆಗ ವೇದಪಾಠಶಾಲೆಯ ಬಾಲವಿದ್ಯಾರ್ಥಿ. ಚಿತ್ರವು ಪಟ್ಟಣಗಳಲ್ಲಿ ಹೊರಟು ಬಹುದಿನಗಳಾದ ಮೇಲೆ ಘಟಪ್ರಭೆಯ ಆಚೆಯ ಒಂದು ಊರಿನ ಡೇರೆಗೆ ಬಂದಿತ್ತು. ಗುರುಗಳಿಗೆ ತಿಳಿಯದಂತೆ ಚಕ್ಕಡಿಯೊಂದರಲ್ಲಿ ಹಿರಿಯರ ನಡುವೆ ಹುದುಗಿ ಹೋಗಿ, ನೆಲದ ಟಿಕೀಟಿನಲ್ಲಿ ಕುಳಿತು ನೋಡಿದುದು ಇಂದಿಗೂ ನೆನಪಿದೆ. ನಾಯಕನು ಮೊದಲು ಕಾಣಿಸಿಕೊಂಡಾಗ ಸಿಳ್ಳೆಗಳೆದ್ದವು, ತೆರೆಯತ್ತ ಚಿಲ್ಲರೆ ನಾಣ್ಯಗಳು ಹಾರಿದವು. ಹಿಮಾಲಯದ ಸೀಮೆಯ ದೃಶ್ಯಗಳಿಗೆ ಹಿರಿಯರೊಬ್ಬರು ಕೈ ಮುಗಿದರು. ಆದರೆ ನಾಯಕನು ಇಂಗ್ಲಿಷಿನಲ್ಲಿ ಹಾಡತೊಡಗಿದಾಗ ಸಭೆಯು ಸ್ತಬ್ಧವಾಯಿತು. ಆ ಮೌನವು ರಸದ್ದಲ್ಲ, ಅರ್ಥವಾಗದುದರದು. ಕೆಲವರು ಬೀಡಿಗಾಗಿ ಹೊರಗೆದ್ದರು. ಹಿಂದಿರುಗುವಾಗ ಚಕ್ಕಡಿಯಲ್ಲಿ ನಡೆದ ಮಾತಿನ ಸಾರವೆಂದರೆ: ಹೊಡೆದಾಟ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ, ‘ಜೇಡರ ಬಲೆ’ಯಂತೆ ಎದೆ ನಡುಗಲಿಲ್ಲ.

ಮರುದಿನ ಸಂಗತಿಯು ಗುರುಗಳ ಕಿವಿಗೆ ಬಿತ್ತು. ದಂಡನೆಯನ್ನು ನಿರೀಕ್ಷಿಸಿ ನಿಂತವನಿಗೆ ಅವರು, “ಜನರ ಮನಸ್ಸಿಗೆ ಯಾಕ ಬರಲಿಲ್ಲ, ಅದನ್ನ ಹೇಳು, ತಮ್ಮಾ” ಎಂದರು. ಹೇಳಲಾಗಲಿಲ್ಲ. ಮುಂದೆ ಕೆಲವು ವರ್ಷಗಳಿಗೆ ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯವನ್ನು ಪಾಠ ಹೇಳುವಾಗ ಅದೇ ಪ್ರಶ್ನೆಯನ್ನು ಪುನಃ ಕೇಳಿದರು. ಈ ಲೇಖನವು ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರವೆಂದರೂ ಸಲ್ಲುವದು.

೬. ಆಶಾಭಂಗದ ಕಾರಣವಿಚಾರ

ಆ ಅಧ್ಯಾಯವು ಪ್ರಯೋಗದ ಸಿದ್ಧಿಯನ್ನು ಕುರಿತದ್ದು. ನಸುನಗೆ, ಅಟ್ಟಹಾಸ, ‘ಸಾಧು’ ‘ಅಹೋ’ ‘ಕಷ್ಟ’ ಎಂಬ ಉದ್ಗಾರಗಳು, ರೋಮಾಂಚ, ಎದ್ದು ನಿಲ್ಲುವದು, ವಸ್ತ್ರ ಉಂಗುರಗಳನ್ನು ಎಸೆಯುವದು ಇವು ಮಾನುಷೀ ಸಿದ್ಧಿಯ ಚಿಹ್ನೆಗಳು. ತುಂಬಿದ ಸಭೆಯಲ್ಲಿ ಸದ್ದಾಗಲಿ ಕ್ಷೋಭೆಯಾಗಲಿ ಇಲ್ಲದಿದ್ದರೆ ಅದು ದೈವೀ ಸಿದ್ಧಿ. ಡೇರೆಯ ಸಿಳ್ಳೆಯೂ ನಾಣ್ಯವೂ ಮೊದಲನೆಯ ವರ್ಗದವೇ ಎಂಬದು ಸ್ಪಷ್ಟ. ಹಾಗಾದರೆ ಸಭೆಯು ಒಂದೇ ರಾತ್ರಿ ಸಿದ್ಧಿಯನ್ನೂ ಘಾತವನ್ನೂ ತೋರಿಸಿತು. ತರುಣನು ಶೃಂಗಾರವನ್ನು, ಶೂರನು ಯುದ್ಧವನ್ನು, ವೃದ್ಧನು ಪುರಾಣಕಥೆಯನ್ನು ಮೆಚ್ಚುವನೆಂದು ಭರತನು ಹೇಳಿರುವದರಿಂದ, ಸಭೆಯ ಏಕಮುಖವಾದ ತೀರ್ಪನ್ನು ನಿರೀಕ್ಷಿಸುವದೇ ತಪ್ಪು.

ಘಾತದ ಕಾರಣವನ್ನು ಅಭಿನವಗುಪ್ತಾಚಾರ್ಯನು ಇನ್ನೂ ಸೂಕ್ಷ್ಮವಾಗಿ ಶೋಧಿಸಿ ಏಳು ರಸವಿಘ್ನಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಎರಡು ನಮಗೆ ಸಾಕು. ಮೊದಲನೆಯದು ಸಂಭಾವನಾವಿರಹ, ಎಂದರೆ ‘ಹೀಗೂ ಆಗಬಹುದು’ ಎಂಬ ನಂಬಿಕೆಯೇ ಹುಟ್ಟದಿರುವದು. ಎರಡನೆಯದು ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವದು. ಮೊದಲನೆಯದು ಕೃತಿಯ ದೋಷ, ಎರಡನೆಯದು ನೋಡುವವನದು. ಇವುಗಳೊಡನೆ ಆನಂದವರ್ಧನನೂ ಕ್ಷೇಮೇಂದ್ರನೂ ಎತ್ತಿ ಹೇಳಿದ ಔಚಿತ್ಯವನ್ನು ಸೇರಿಸಿದರೆ ಮೂರು ಅಳತೆಗೋಲುಗಳಾಗುವವು.

ಇವುಗಳನ್ನು ವಿದೇಶೀ ಮಾಲಿಕೆಗೆ ಹಚ್ಚಿ ನೋಡೋಣ. ೧೯೬೯ರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ ಚಿತ್ರದಲ್ಲಿ ಷಾನ್ ಕಾನರಿಯ ಸ್ಥಾನಕ್ಕೆ ಜಾರ್ಜ್ ಲೇಜನ್‌ಬಿ ಬಂದನು. ನಾಯಕನು ವಿವಾಹವಾಗಿ ಕೊನೆಯಲ್ಲಿ ಪತ್ನಿಯನ್ನು ಕಳೆದುಕೊಂಡನು. ಹಳೆಯ ಮುಖಕ್ಕೆ ಒಗ್ಗಿದ ಜನರು ನಿರುತ್ಸಾಹ ತೋರಿದರು, ಗಳಿಕೆಯು ಹಿಂದಿನದಕ್ಕಿಂತ ಇಳಿಯಿತು, ೧೯೭೧ರಲ್ಲಿ ಕಾನರಿಯನ್ನೇ ಪುನಃ ಕರೆತಂದರು. ಆದರೆ ಇಂದು ಅದನ್ನು ಆ ಮಾಲಿಕೆಯ ಶ್ರೇಷ್ಠ ಚಿತ್ರಗಳಲ್ಲಿ ಒಂದೆಂದು ಎಣಿಸುವವರು ಬಹಳ. ಇಲ್ಲಿ ವಿಘ್ನವು ಪ್ರೇಕ್ಷಕನಲ್ಲಿತ್ತು. ಇದಕ್ಕೆ ವ್ಯತಿರಿಕ್ತವಾಗಿ ೨೦೦೨ರ ‘ಡೈ ಅನದರ್ ಡೇ’ ಹಣದಲ್ಲಿ ಹಿಂದಿನ ಎಲ್ಲವನ್ನೂ ಮೀರಿಸಿತು. ಆದರೂ ಅದರಲ್ಲಿಯ ಅದೃಶ್ಯವಾಗುವ ಮೋಟಾರು ಪರಿಹಾಸ್ಯಕ್ಕೆ ಗುರಿಯಾಯಿತು. ಇದು ನಿಃಸಂಶಯವಾಗಿ ಸಂಭಾವನಾವಿರಹ. ೨೦೦೬ರಲ್ಲಿ ‘ಕ್ಯಾಸಿನೋ ರಾಯಲ್’ ಚಿತ್ರದಿಂದ ಮಾಲಿಕೆಯನ್ನು ಹೊಸದಾಗಿ ಆರಂಭಿಸಿ, ನಾಯಕನನ್ನು ಪುನಃ ಗಾಯಗೊಳ್ಳುವ ಮನುಷ್ಯನನ್ನಾಗಿ ಮಾಡಿದರು. ಗಳಿಕೆಯೇ ತೃಪ್ತಿಯ ಪ್ರಮಾಣವಲ್ಲವೆಂಬದು ಈ ಎರಡು ದೃಷ್ಟಾಂತಗಳಿಂದ ಸಿದ್ಧವಾಯಿತು.

ನಮ್ಮ ಡೇರೆಯ ನಿರಾಶೆಯು ಈ ಎರಡಕ್ಕಿಂತ ಭಿನ್ನ. ಅಲ್ಲಿ ಅಸಂಭಾವ್ಯತೆಯನ್ನು ಯಾರೂ ದೂರಲಿಲ್ಲ. ಲೋಹವು ಬಂಗಾರವಾಗುವದನ್ನು ಒಪ್ಪಿದವರು ವಜ್ರದ ಕಳ್ಳಸಾಗಣೆಯನ್ನು ಒಪ್ಪದಿರುವರೆ? ನಡುವಣ ವರ್ಷಗಳಲ್ಲಿ ಅವರು ಆ ನಟನನ್ನು ಬೇರೊಂದು ಪೀಠದ ಮೇಲೆ ಕೂಡಿಸಿದ್ದರು. ನೇಗಿಲು ಹಿಡಿದ ಕೈಯಲ್ಲಿ ಪುನಃ ಪಿಸ್ತೂಲನ್ನು ಕಂಡಾಗ ಅವರಿಗೆ ಔಚಿತ್ಯವು ತಪ್ಪಿದಂತೆ ತೋರಿತು. ಕೃತಿಯು ನಿಂತಲ್ಲಿಯೇ ನಿಂತಿತ್ತು. ಸಭೆಯು ಮುಂದೆ ಸಾಗಿತ್ತು.

೭. ಆ ಹಾಡು ಮತ್ತು ಗೋಕಾಕ ಎಂಬ ಹೆಸರು

ಸಭೆಯನ್ನು ಸ್ತಬ್ಧಗೊಳಿಸಿದ ‘ಇಫ್ ಯೂ ಕಮ್ ಟುಡೇ’ ಎಂಬ ಗೀತವನ್ನು ರಚಿಸಿದವರು ಚಿ. ಉದಯಶಂಕರರು, ರಾಗ ಸಂಯೋಜಕರು ಜಿ. ಕೆ. ವೆಂಕಟೇಶರು. ಇದಾದ ನಾಲ್ಕೇ ವರ್ಷಗಳಿಗೆ, ೧೯೮೨ರಲ್ಲಿ, ಅದನ್ನು ಹಾಡಿದ ರಾಜಕುಮಾರರೇ ಕನ್ನಡಕ್ಕೆ ಶಾಲೆಗಳಲ್ಲಿ ಅಗ್ರಸ್ಥಾನ ದೊರೆಯಬೇಕೆಂಬ ಚಳವಳಿಯ ಮುಂದಾಳುಗಳಾದರು. ವಿ. ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ೧೯೮೦ರಲ್ಲಿ ನೇಮಕಗೊಂಡ ಸಮಿತಿಯ ವರದಿಯನ್ನು ಜಾರಿಗೆ ತರಬೇಕೆಂದು ನಡೆದ ಆ ಚಳವಳಿಗೆ ಗೋಕಾಕ ಚಳವಳಿಯೆಂದೇ ಹೆಸರು. ಗೋಕಾಕರು ಹುಟ್ಟಿದುದು ಸವಣೂರಿನಲ್ಲಿ. ಆದರೂ ನಮ್ಮ ಊರಿನ ಹೆಸರು ಅವರ ಮೂಲಕ ಭಾಷಾಚರಿತ್ರೆಯಲ್ಲಿ ನಿಂತಿತು. ಆ ಸಮಿತಿಯು ಪ್ರೌಢಶಾಲೆಗಳಲ್ಲಿ ಸಂಸ್ಕೃತದ ಸ್ಥಾನವನ್ನು ಕುರಿತ ವಿವಾದದಿಂದಲೇ ಹುಟ್ಟಿದುದೆಂಬದನ್ನು ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದ ಈ ಲೇಖಕನು ಮರೆಮಾಚುವದು ಪ್ರಾಮಾಣಿಕತೆಯಾಗದು. ಅಂದು ಕೆಲವು ಪಂಡಿತರು ನೊಂದರು, ನಾವೂ ನೊಂದೆವು. ಆದರೆ ಡೇರೆಯಲ್ಲಿ ಕಂಡ ಆ ಮೌನವನ್ನು ನೆನೆದಾಗ, ತನಗೆ ತಿಳಿಯದ ಭಾಷೆಯ ಮುಂದೆ ಕುಳಿತ ಜನರ ಕಷ್ಟವು ನಮಗೆ ಅರ್ಥವಾಯಿತು; ಅದು ಇಂಗ್ಲಿಷಾದರೇನು, ಸಂಸ್ಕೃತವಾದರೇನು!

ಅದೇ ಹಾಡು ಈ ಶತಮಾನದಲ್ಲಿ ಗಣಕಯಂತ್ರದ ಜಾಲದ ಮೂಲಕ ಹರಡಿ, ಕನ್ನಡವರಿಯದ ತರುಣರಿಗೂ ಮೊದಲು ವಿನೋದದ, ಬಳಿಕ ಪ್ರೀತಿಯ ವಸ್ತುವಾದುದು ವಿಚಿತ್ರವಾದರೂ ಸತ್ಯ.

೮. ಉಪಸಂಹಾರ

ಮೇಲಿನ ವಿಚಾರದಿಂದ ಹೊರಡುವ ತಾತ್ಪರ್ಯವಿಷ್ಟು. ಆಶಾಭಂಗವು ತಿರಸ್ಕಾರವಲ್ಲ, ಮೊದಲು ಪ್ರೀತಿಸದವನಿಗೆ ನಿರಾಶೆಯಾಗುವ ಸಂಭವವೇ ಇಲ್ಲ. ಅದರ ಕಾರಣವು ಒಮ್ಮೆ ಕೃತಿಯಲ್ಲಿ, ಒಮ್ಮೆ ಪ್ರೇಕ್ಷಕನಲ್ಲಿ, ಒಮ್ಮೆ ಇಬ್ಬರ ನಡುವೆ ಕಳೆದ ಕಾಲದಲ್ಲಿ ಇರುವದು. ಇವುಗಳನ್ನು ವಿಂಗಡಿಸದೆ ಚಿತ್ರವು ಕೆಟ್ಟದ್ದೆಂದಾಗಲಿ ಜನರು ಅರಸಿಕರೆಂದಾಗಲಿ ಹೇಳುವದು ಶಾಸ್ತ್ರಸಮ್ಮತವಲ್ಲ.

ರಾಜಕುಮಾರರು ೨೦೦೬ರಲ್ಲಿಯೂ, ದೊರೈಯವರು ಅದಕ್ಕಿಂತ ಮೊದಲೂ, ಭಗವಾನರು ೨೦೨೩ರಲ್ಲಿಯೂ ಕಾಲವಶರಾದರು. ಚಿತ್ರಗಳು ಉಳಿದಿವೆ, ಡೇರೆಗಳು ಹೋದವು. ಆ ಡೇರೆಗಳಲ್ಲಿ ನೆಲದ ಮೇಲೆ ಕುಳಿತು ನೋಡಿದವರು ಇನ್ನೂ ಕೆಲವರು ನಮ್ಮ ಹಳ್ಳಿಗಳಲ್ಲಿದ್ದಾರೆ. ಶಾಸನಗಳ ಪ್ರತಿ ತೆಗೆದುಕೊಳ್ಳಲು ಗದ್ದೆಗದ್ದೆ ಅಲೆಯುವ ನಮ್ಮ ಸಂಶೋಧಕರು ಅವರ ಜಗಲಿಯಲ್ಲಿಯೂ ಒಂದು ಗಳಿಗೆ ಕುಳಿತು, ಏನು ಮೆಚ್ಚಿದಿರಿ ಎಂದು ಮಾತ್ರವಲ್ಲದೆ ಏಕೆ ಮೆಚ್ಚಲಿಲ್ಲವೆಂದೂ ಕೇಳಿ ಬರೆದುಕೊಳ್ಳಬೇಕೆಂದು ವಿನಂತಿಸಿ, ಈ ಅಲ್ಪ ಲೇಖನವನ್ನು ಮುಗಿಸುವೆವು.