ಒಡ್ಡಿನ ಕಂಟಿ ಮತ್ತು ಹಕ್ಕಿ ಗೂಡು



ಮುಂಗಾರು ಬಿತ್ತಗಿ ಮುಂಚೆ ಒಡ್ಡಿನ ಬಾರಿ ಕಂಟಿ ಕಡಿಯಾಕ ಹೋಗಿದ್ದೆ. ಕೊಡಲಿ ಎತ್ತಿದ್ದೇ ತಡ, ಪಿಕಳಾರ ಹಕ್ಕಿ ಜೋಡಿ ಕೂಗಾಡಿದವು. ಬಗ್ಗಿ ನೋಡಿದರ ಎದಿಮಟ್ಟದಾಗ, ಮುಳ್ಳಿನ ಕವಲಿನ ನಡುವ ಸಣ್ಣ ಬಟ್ಟಲದಂಥ ಗೂಡು, ಒಳಗ ಮೂರು ತತ್ತಿ. ಕೊಡಲಿ ಹೆಗಲಿಗಿಟ್ಟು ವಾಪಸ್ ಬಂದೆ.

ನಮ್ಮ ಸುರಪುರ ಸೀಮ್ಯಾಗ ಹಕ್ಕಿ ಅಂದ್ರ ಎಲ್ಲರೂ ಬೋನಾಳ ಕೆರಿ ಹೆಸರು ಹೇಳ್ತಾರ. ಸುರಪುರದ ನಾಯಕ ಅರಸರ ಕಾಲದ ಕೆರಿ ಅದು. 19ನೇ ಶತಮಾನದಾಗ ಇಲ್ಲಿ ಆಡಳಿತ ನೋಡಿದ ಮೆಡೋಸ್ ಟೇಲರ್ ಅದನ್ನ ಸುಧಾರಿಸಿದ. ಈಗ ಪಕ್ಷಿಧಾಮ. ನೀರುಹಕ್ಕಿಗೆ ಕೆರಿ ಉಳೀತು. ಆದರ ಹಾಡುವ ಸಣ್ಣ ಹಕ್ಕಿಗೆ ನಮ್ಮ ಒಡ್ಡೇ ಪಕ್ಷಿಧಾಮ. ಅದಕ್ಕ ಬೋರ್ಡ್ ಇಲ್ಲ, ಕಾವಲಿಲ್ಲ.

ಹಿಂದ ಎಲ್ಲಾ ಒಣ ಬೇಸಾಯ. ಜ್ವಾಳ, ತೊಗರಿ, ಹತ್ತಿ. ದನ ನುಗ್ಗಬಾರದಂತ ಹಿರಿಯರು ಒಡ್ಡಿನ ಮ್ಯಾಲ ಬಾರಿ, ಜಾಲಿ, ಕಳ್ಳಿ ಬಿಡ್ತಿದ್ದರು. ಬೇಲಿಗೆ ಮುಳ್ಳು ಬೇಕಾದಷ್ಟೇ ಸವರ್ತಿದ್ದರು, ಬೇರು ಕೀಳ್ತಿರಲಿಲ್ಲ. ಬಾರಿ ಮತ್ತ ಚಿಗೀತಿತ್ತು.

ಆ ಕಂಟಿಯೊಳಗ ಒಂದೊಂದು ಹಕ್ಕಿದು ಒಂದೊಂದು ಉಪಾಯ. ಪಿಕಳಾರ ಸಣ್ಣ ಕಡ್ಡಿ, ಬೇರು ಹೆಣೆದು ಜೇಡರ ಬಲಿಯಿಂದ ಬಿಗೀತದ. ಸಿಂಪಿಗ ಹಕ್ಕಿ ಚುಂಚಿನಿಂದ ಎಲಿ ಅಂಚಿಗೆ ತೂತು ಮಾಡಿ, ನಾರು, ಹತ್ತಿ ಎಳಿಯಿಂದ ಹೊಲಿದು ಚೀಲ ಮಾಡ್ತದ. ಎಲಿ ಗಿಡದಾಗೇ ಇರೋದರಿಂದ ಹಸಿರಿನಾಗ ಹಸಿರು, ಗುರುತೇ ಸಿಗಲ್ಲ. ಸೂರಕ್ಕಿ ತೂಗುಬಿಡೋ ಗೂಡಿಗೆ ಒಣ ಎಲಿ, ತೊಗಟಿ ಚೂರು, ಹುಳದ ಹಿಕ್ಕಿ ಮೆತ್ತತದ. ನೋಡಿದವರು ಬಲಿಗೆ ಸಿಕ್ಕ ಕಸ ಅಂತಾರ. ಕಾಗಿ, ಹಾವು, ಓತಿಕ್ಯಾತಗಳಿಂದ ಉಳಿಯೋ ದಾರಿ ಇದು.

1982ರಲ್ಲಿ ನಾರಾಯಣಪುರದ ಬಸವಸಾಗರ ಆಣೆಕಟ್ಟು ಮುಗೀತು. ಕಾಲುವಿ ನೀರು ಸುರಪುರ, ಶಹಾಪುರದ ಹೊಲಕ್ಕ ಬಂತು. ನೀರು ಬಂದದ್ದಕ್ಕೇ ನಮ್ಮ ಹೊಟ್ಟಿ ತುಂಬೇದ, ಅದನ್ನ ಮರಿಯಂಗಿಲ್ಲ. ಆದರ ಭತ್ತಕ್ಕ ಮಡಿ ಸಮ ಬೇಕು. ಟ್ರ್ಯಾಕ್ಟರ್ ಬಂತು, ಆಮ್ಯಾಲ ಜೆಸಿಬಿ. ಒಡ್ಡು ತೆಳ್ಳಗಾತು, ಕಂಟಿ ಬೇರುಸಹಿತ ಹೋತು. ನಾನೂ ಎರಡು ಒಡ್ಡು ಬೋಳು ಮಾಡಿಸೀನಿ, ಬ್ಯಾರೆಯವರನ್ನ ಯಾಕ ಅನ್ನಲಿ?

ಹತ್ತಿಗೆ, ತೊಗರಿಗೆ ಬರೋ ಹುಳ ಆರಿಸಿ ಈ ಹಕ್ಕಿ ಮರಿಗೆ ತಿನ್ನಿಸ್ತಾವ. ಗೂಡು ಕಳದು ಔಷಧಿ ಡಬ್ಬಿ ಕೊಳ್ಳೋದು ಯಾವ ಲೆಕ್ಕ?

ತತ್ತಿಯಿಂದ ಮರಿ ಹಾರೋತನಕ ಹೆಚ್ಚೂಕಡಿಮಿ ಒಂದು ತಿಂಗಳು. ಒಂದು ಒಡ್ಡಿನ ಕಂಟಿ ಬಿಡ್ರಿ. ಸವರೋದಿದ್ದರ ದೀಪಾವಳಿ ಆದಮ್ಯಾಲ, ಗೂಡು ಖಾಲಿ ಅಂತ ನೋಡಿ ಸವರ್ರಿ.

ನನ್ನ ಬಾರಿ ಕಂಟಿ ಹಂಗೇ ನಿಂತದ.