ಮೋಡದ ಮೇಲಿನ ಹೆಸರು

ಕಲ್ಪನಾ ಚಾವ್ಲಾ ತಮ್ಮ ಬಾಲ್ಯದಲ್ಲಿ ಹತ್ತಿದ ಮೊದಲ ವಿಮಾನಗಳಲ್ಲಿ ಒಂದರ ಹೆಸರು ಪುಷ್ಪಕ್. ರಾಮಾಯಣದ್ದಲ್ಲ, ನಮ್ಮ ಬೆಂಗಳೂರಿನದ್ದು. 1958ರಲ್ಲಿ ಎಚ್‌ಎಎಲ್‌ನವರು ಹಾರಿಸಿ ನೋಡಿದ, ಇಬ್ಬರು ಕೂರುವ ಪುಟ್ಟ ತರಬೇತಿ ವಿಮಾನ ಅದು. ಆಮೇಲೆ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆಲ್ಲ ಹೋಯ್ತು. ಹರಿಯಾಣದ ಕರ್ನಾಲ್ ಅನ್ನೋ ಊರಲ್ಲೂ ಒಂದು ಫ್ಲೈಯಿಂಗ್ ಕ್ಲಬ್ ಇತ್ತು. ಅಣ್ಣನ ಜೊತೆ ಸೈಕಲ್ ತುಳೀತಾ, ತಲೆ ಮೇಲೆ ಹಾರೋ ವಿಮಾನ ಎಲ್ಲಿ ಹೋಗತ್ತೆ ಅಂತ ಕತ್ತೆತ್ತಿ ನೋಡೋ ಮಗಳನ್ನ ಅವಳಪ್ಪ ಅಲ್ಲಿಗೆ ಕರ್ಕೊಂಡು ಹೋಗಿ ಪುಷ್ಪಕ್‌ನಲ್ಲೂ ಗ್ಲೈಡರ್‌ನಲ್ಲೂ ಒಂದೊಂದು ಸುತ್ತು ಹಾಕಿಸಿದ್ದರು. ದೊಡ್ಡವರಾದ ಮೇಲೆ ಕಲ್ಪನಾ ಇದನ್ನ ಸಂದರ್ಶನದಲ್ಲಿ ನೆನೆಸಿಕೊಂಡಿದ್ದಾರೆ.

ನಾವು ಕನ್ನಡ ಶಾಲೆಯಲ್ಲಿ ಓದಿದವರು ಕಲ್ಪನಾ ಚಾವ್ಲಾರನ್ನ ಒಂದು ಅಂಕದ ಪ್ರಶ್ನೆಯಾಗಿ ಬಲ್ಲವರು. 'ಬಾಹ್ಯಾಕಾಶಕ್ಕೆ ಹೋದ ಭಾರತ ಮೂಲದ ಮೊದಲ ಮಹಿಳೆ ಯಾರು?' ಉತ್ತರ ಬರೆದರೆ ಮುಗೀತು. ವಾರ್ಷಿಕೋತ್ಸವದ ಛದ್ಮವೇಷದಲ್ಲಿ ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವನ ಪಕ್ಕ ರಟ್ಟಿನ ಹೆಲ್ಮೆಟ್ ಹಾಕ್ಕೊಂಡ ಒಬ್ಬಳು ಕಲ್ಪನಾ ಚಾವ್ಲಾ ಇದ್ದೇ ಇರ್ತಾಳೆ. 'ಕನಸು ಕಾಣಿ' ಅನ್ನೋ ಭಾಷಣಗಳಲ್ಲೂ ಅವರ ಹೆಸರು ಬಂದೇ ಬರತ್ತೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಇಂಜಿನಿಯರಿಂಗ್ ಓದಿ, ಹತ್ತು ಹನ್ನೆರಡು ವರ್ಷ ಕೋಡ್ ಬರೆದ ಮೇಲೆ ಅವರ ಬಗ್ಗೆ ಮತ್ತೆ ಓದಿದಾಗ ನಂಗೆ ಬೇರೆಯೇ ಒಬ್ಬ ವ್ಯಕ್ತಿ ಸಿಕ್ಕಿದರು. ಕನಸುಗಾತಿಗಿಂತ ಹೆಚ್ಚಾಗಿ ಕೆಲಸಗಾತಿ.

ಹೆಸರಿಂದಲೇ ಶುರು ಮಾಡ್ತೀನಿ. ನಾಲ್ಕು ಮಕ್ಕಳಲ್ಲಿ ಕೊನೆಯವಳು, ಮನೆಯಲ್ಲಿ ಎಲ್ಲರೂ ಕರೀತಿದ್ದಿದ್ದು ಮೋಂಟು ಅಂತ. ಶಾಲೆಗೆ ಸೇರಿಸೋಕೆ ಹೋದಾಗ ಸರಿಯಾದ ಹೆಸರೇ ಇಟ್ಟಿರಲಿಲ್ಲ. ಮನೆಯವರು ಯೋಚಿಸಿಟ್ಟಿದ್ದ ಮೂರು ಹೆಸರುಗಳಲ್ಲಿ ಯಾವುದು ಬೇಕು ಅಂತ ಕೇಳಿದ್ದಕ್ಕೆ 'ಕಲ್ಪನಾ' ಅಂತ ಮಗುವೇ ಆರಿಸಿಕೊಂಡಿತು. ಇನ್ನು ಜನ್ಮದಿನ. ಹುಟ್ಟಿದ್ದು 1962ರ ಮಾರ್ಚ್ 17, ದಾಖಲೆಯಲ್ಲಿ 1961ರ ಜುಲೈ 1. ನಮ್ಮೂರ ಮೇಷ್ಟ್ರು ಅರ್ಧ ತರಗತಿಗೆ ಜೂನ್ 1 ಅಂತ ಬರೆದು ಹಾಕಿದ್ದು ನೆನಪಾಗಿ ನಗು ಬಂತು. ನಾಸಾದ ಕಡತದಲ್ಲೂ ಇಂಥದ್ದೇ ಒಂದು ಶಾಲೆ ತಾರೀಖು ಕೂತಿದೆ ನೋಡಿ.

ಅಪ್ಪ ದೇಶ ವಿಭಜನೆಯ ಹೊತ್ತಲ್ಲಿ ಈಗಿನ ಪಾಕಿಸ್ತಾನದಿಂದ ಬಂದು, ಬರಿಗೈಯಲ್ಲಿ ಬದುಕು ಕಟ್ಟಿಕೊಂಡು ಟೈರ್ ವ್ಯಾಪಾರಕ್ಕೆ ನಿಂತವರು. ಮಗಳು ಇಂಜಿನಿಯರ್ ಆಗ್ತೀನಿ ಅಂದಾಗ ಅವರಿಗೆ ಮೊದಲು ಮನಸ್ಸಿರಲಿಲ್ಲ. ಅಮ್ಮ ಬೆನ್ನಿಗೆ ನಿಂತರು. ಚಂಡೀಗಢದ ಪಂಜಾಬ್ ಇಂಜಿನಿಯರಿಂಗ್ ಕಾಲೇಜಿಗೆ ಸೇರಿ ಏರೋನಾಟಿಕಲ್ ಬೇಕು ಅಂದರೆ ಅಲ್ಲಿ ಇನ್ನೊಂದು ತಕರಾರು. ಹುಡುಗಿಗೆ ಆ ಬ್ರಾಂಚಲ್ಲಿ ಏನು ಕೆಲಸ ಸಿಗತ್ತೆ, ಎಲೆಕ್ಟ್ರಿಕಲ್ಲೋ ಮೆಕ್ಯಾನಿಕಲ್ಲೋ ತಗೋ ಅನ್ನೋ ಬುದ್ಧಿವಾದ. ಕೇಳಲಿಲ್ಲ. 1982ರಲ್ಲಿ ಏರೋನಾಟಿಕಲ್ ಡಿಗ್ರಿ ಮುಗಿಸಿ ಅಮೆರಿಕಕ್ಕೆ ಹೋದರು. 1984ರಲ್ಲಿ ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ಮಾಸ್ಟರ್ಸ್, 1988ರಲ್ಲಿ ಕೊಲರಾಡೊದಲ್ಲಿ ಪಿಎಚ್‌ಡಿ. ನಡುವೆ 1983ರಲ್ಲಿ ಜೀನ್ ಪಿಯರ್ ಹ್ಯಾರಿಸನ್ ಅನ್ನೋ ವಿಮಾನ ಹಾರಾಟದ ಶಿಕ್ಷಕರನ್ನ ಮದುವೆಯಾದರು. ಮುಂದೆ ಹೆಂಡತಿಯ ಜೀವನಚರಿತ್ರೆಯನ್ನ ಬರೆದದ್ದೂ ಅವರೇ.

ಹಾರಾಟ ಈ ಮನೆಯ ಸಂಸಾರದ ಭಾಗವೇ ಆಗಿತ್ತು. ಕಲ್ಪನಾ ಹತ್ರ ವಿಮಾನ ಮತ್ತು ಗ್ಲೈಡರ್ ಎರಡನ್ನೂ ಕಲಿಸೋ ಶಿಕ್ಷಕಿಯ ಲೈಸೆನ್ಸ್ ಇತ್ತು. ಒಂದು ಇಂಜಿನ್, ಹೆಚ್ಚು ಇಂಜಿನ್, ನೀರಿನ ಮೇಲಿಳಿಯೋ ವಿಮಾನ, ಗ್ಲೈಡರ್ ಇವಕ್ಕೆಲ್ಲ ಕಮರ್ಷಿಯಲ್ ಲೈಸೆನ್ಸ್ ಇತ್ತು. ಬಾಲದಲ್ಲಿ ಗಾಲಿ ಇರೋ ಹಳೇ ಮಾದರಿಯ ವಿಮಾನ ಅಂದ್ರೆ ಇಷ್ಟ. ಅದನ್ನ ನೆಲದ ಮೇಲೆ ನೆಟ್ಟಗೆ ಓಡಿಸೋದೇ ಕಷ್ಟ. ಆಕಾಶದಲ್ಲಿ ಲಾಗ ಹಾಕೋದು ಅವರ ಹವ್ಯಾಸ.

ಸಂಗೀತವೂ ಅಷ್ಟೇ, ಒಂದೇ ಕಡೆ ನಿಲ್ಲುವಂಥದ್ದಲ್ಲ. ಬಾಹ್ಯಾಕಾಶಕ್ಕೆ ತಗೊಂಡು ಹೋದ ಸಿಡಿಗಳಲ್ಲಿ ಆಬಿದಾ ಪರ್ವೀನ್, ರವಿಶಂಕರ್ ಜೊತೆ ಡೀಪ್ ಪರ್ಪಲ್ ಕೂಡ ಇತ್ತು. ಸೂಫಿ ಹಾಡು, ಸಿತಾರ್, ಬ್ರಿಟನ್ನಿನ ಗಟ್ಟಿ ರಾಕ್, ಮೂರೂ ಒಂದೇ ಚೀಲದಲ್ಲಿ! ಕೊನೆಯ ಯಾನದಲ್ಲಿದ್ದಾಗ ಡೀಪ್ ಪರ್ಪಲ್ ತಂಡದ ಜೊತೆ ಇಮೇಲ್ ಓಡಾಟ ಕೂಡ ನಡೆದಿತ್ತು. ಆಮೇಲೆ ಆ ತಂಡದ ಗಿಟಾರ್ ವಾದಕ ಸ್ಟೀವ್ ಮೋರ್ಸ್ ಕೊಲಂಬಿಯಾದವರ ನೆನಪಿಗೆ 'ಕಾಂಟ್ಯಾಕ್ಟ್ ಲಾಸ್ಟ್' ಅನ್ನೋ ಒಂದು ತುಣುಕು ಮಾಡಿದರು. ಎರಡು ನಿಮಿಷವೂ ಇಲ್ಲ, ಮಾತೇ ಇಲ್ಲ, ಗಿಟಾರ್ ಅಷ್ಟೇ. 2003ರಲ್ಲಿ ಬಂದ ಅವರ ಆಲ್ಬಮ್ಮಿನ ಕೊನೆಯಲ್ಲಿದೆ.

ಈಗ ಕೆಲಸದ ವಿಷಯ. ನಾಸಾದ ಏಮ್ಸ್ ಕೇಂದ್ರದಲ್ಲಿ 1988ರಿಂದ ಕಲ್ಪನಾ ಮಾಡ್ತಿದ್ದಿದ್ದು ಗಾಳಿಯ ಲೆಕ್ಕ. ಹ್ಯಾರಿಯರ್ ಅಂತ ಒಂದು ಯುದ್ಧವಿಮಾನ ಇದೆ, ನೇರವಾಗಿ ಮೇಲಕ್ಕೇಳತ್ತೆ, ನೇರವಾಗಿ ಕೆಳಗಿಳಿಯತ್ತೆ. ಇಳಿಯುವಾಗ ಅದರ ಜೆಟ್ಟಿನ ಬಿಸಿಗಾಳಿ ನೆಲಕ್ಕೆ ಬಡಿದು ವಾಪಸ್ ವಿಮಾನಕ್ಕೇ ಹೊಡೆಯತ್ತೆ. ಆ ಗಾಳಿ ಎಲ್ಲೆಲ್ಲಿ ಹೇಗೆ ಸುತ್ತತ್ತೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕೋದು ಇವರ ಸಂಶೋಧನೆ. 1994ರ ಡಿಸೆಂಬರಿನಲ್ಲಿ ಗಗನಯಾತ್ರಿಯಾಗಿ ಆಯ್ಕೆ ಆದರು. ಆಮೇಲೆ ವಹಿಸಿದ ಕೆಲಸಗಳಲ್ಲಿ ಒಂದು, ಶಟಲ್ ನೌಕೆಯನ್ನ ನಿಯಂತ್ರಿಸೋ ಸಾಫ್ಟ್‌ವೇರನ್ನ ಲ್ಯಾಬಿನಲ್ಲಿ ಪರೀಕ್ಷೆ ಮಾಡೋದು. ಅಂದರೆ ಟೆಸ್ಟಿಂಗ್! ನಮ್ಮ ಆಫೀಸುಗಳಲ್ಲಿ ಟೆಸ್ಟಿಂಗ್ ಅಂದ್ರೆ ಮೂಗು ಮುರಿಯೋರು ಇದನ್ನ ಒಮ್ಮೆ ಓದಬೇಕು.

1997ರ ನವೆಂಬರ್ 19ಕ್ಕೆ ಕೊಲಂಬಿಯಾ ನೌಕೆಯಲ್ಲಿ ಮೊದಲ ಯಾನ. ಎರಡು ದಿನ ಬಿಟ್ಟು ಸ್ಪಾರ್ಟನ್ ಅನ್ನೋ ಸೂರ್ಯವೀಕ್ಷಣೆಯ ಉಪಗ್ರಹವನ್ನ ರೋಬೋಟ್ ತೋಳಿನಿಂದ ಹೊರಗೆ ಬಿಡಬೇಕಿತ್ತು. ತೋಳು ಕಲ್ಪನಾ ಕೈಯಲ್ಲಿತ್ತು. ಬಿಟ್ಟರು. ಬಿಟ್ಟ ಕೂಡಲೇ ಉಪಗ್ರಹ ತಾನಾಗೇ ಒಂದು ಸಲ ತಿರುಗಿ 'ನಾನು ಸರಿಯಾಗಿದ್ದೀನಿ' ಅಂತ ತೋರಿಸಬೇಕಿತ್ತು. ತಿರುಗಲಿಲ್ಲ. ಮತ್ತೆ ಹಿಡಿಯೋಕೆ ಹೋದಾಗ ತೋಳು ತಾಗಿ ಅದು ಬುಗುರಿ ಥರ ನಿಧಾನಕ್ಕೆ ಸುತ್ತತೊಡಗಿತು. ಮೂರು ದಿನದ ಮೇಲೆ ವಿನ್‌ಸ್ಟನ್ ಸ್ಕಾಟ್, ತಕಾವೊ ದೋಯಿ ಇಬ್ಬರೂ ನೌಕೆಯಿಂದ ಹೊರಗೆ ಬಂದು, ಒಂದು ಟನ್ನಿಗೂ ಮಿಕ್ಕಿದ ತೂಕದ ಆ ಪೆಟ್ಟಿಗೆಯನ್ನ ಬರಿಗೈಯಲ್ಲಿ ಹಿಡಿದರು.

ಮೊದಲ ಯಾನ, ಇಡೀ ಜಗತ್ತು ನೋಡ್ತಿದೆ, ತೋಳು ಹಿಡಿದಿದ್ದವರು ಒಬ್ಬರೇ. ಬೆರಳು ಯಾರ ಕಡೆ ತಿರುಗತ್ತೆ ಅಂತ ಬೇರೆ ಹೇಳಬೇಕಾ? ನಾನು ಕೆಲಸ ಮಾಡಿದ ಒಂದು ಕಂಪನಿಯಲ್ಲಿ ರಾತ್ರಿ ಸರ್ವರ್ ಬಿದ್ದರೆ ಬೆಳಗಿನ ಮೀಟಿಂಗ್‌ನಲ್ಲಿ ಮೊದಲ ಪ್ರಶ್ನೆ 'ಯಾಕೆ ಬಿತ್ತು' ಅಂತ ಇರ್ತಿರಲಿಲ್ಲ, 'ಕೊನೇಲಿ ಮುಟ್ಟಿದ್ದು ಯಾರು' ಅಂತ ಇರ್ತಿತ್ತು. ನಾಸಾ ಹಾಗೆ ಮಾಡಿ ಕೈತೊಳ್ಕೋಬಹುದಿತ್ತು. ಮಾಡಲಿಲ್ಲ. ಐದು ತಿಂಗಳು ವಿಚಾರಣೆ ನಡೆಸಿತು. ಸಾಫ್ಟ್‌ವೇರ್ ಇಂಟರ್‌ಫೇಸಿನಲ್ಲಿ, ನೌಕೆಯವರಿಗೂ ನೆಲದವರಿಗೂ ಹಾಕಿಕೊಟ್ಟಿದ್ದ ಕೆಲಸದ ಕ್ರಮಗಳಲ್ಲಿ ದೋಷ ಇದೆ ಅಂತ ಹೇಳಿತು. ಕಲ್ಪನಾ ಮೇಲಿನ ಕಳಂಕ ಹೋಯ್ತು. 2000ದಲ್ಲಿ ಅವರನ್ನ ಇನ್ನೊಂದು ಯಾನಕ್ಕೆ ಆಯ್ಕೆ ಮಾಡಿದರು.

ಅದೇ 1997ರ ಯಾನದಲ್ಲಿ ಇನ್ನೊಂದು ಸಂಗತಿ ನಡೆದಿತ್ತು, ಅಷ್ಟು ಸುದ್ದಿಯಾಗಲಿಲ್ಲ. ಕೊಲಂಬಿಯಾ ಇಳಿದ ಮೇಲೆ ನೋಡಿದರೆ ಶಾಖ ತಡೆಯೋ ಅದರ ಹೆಂಚುಗಳ ಮೇಲೆ ಮುನ್ನೂರಕ್ಕೂ ಹೆಚ್ಚು ಗಾಯ. ಮೇಲೇರುವಾಗ ಹೊರಗಿನ ದೊಡ್ಡ ಇಂಧನ ಟ್ಯಾಂಕಿನ ಫೋಮ್ ಕಿತ್ತುಬಂದು ಬಡಿದದ್ದು. ಅದಕ್ಕೆ ಕಾರಣ ಹುಡುಕಿದರು, ಕೆಲವು ಬದಲಾವಣೆ ಮಾಡಿದರು. ಆದರೆ ಫೋಮ್ ಬೀಳೋದು ನಿಲ್ಲಲಿಲ್ಲ. ಪ್ರತಿ ಸಲ ಬಿತ್ತು, ಪ್ರತಿ ಸಲ ನೌಕೆ ಕ್ಷೇಮವಾಗಿ ವಾಪಸ್ ಬಂತು. ಬರ್ತಾ ಬರ್ತಾ ಅದು ಅಪಾಯ ಅನ್ನೋದು ಹೋಗಿ, ವಾಪಸ್ ಬಂದ ಮೇಲೆ ರಿಪೇರಿ ಮಾಡೋ ಬಾಬತ್ತು ಅಂತ ಆಯ್ತು. 2002ರ ಅಕ್ಟೋಬರಿನಲ್ಲಿ ಅಟ್ಲಾಂಟಿಸ್ ಹಾರುವಾಗಲೂ ದೊಡ್ಡ ತುಂಡೊಂದು ಕಿತ್ತುಬಂತು. ಆದರೂ ಮುಂದಿನ ಯಾನಗಳು ನಿಲ್ಲಲಿಲ್ಲ.

2003ರ ಜನವರಿ 16. ಮತ್ತೆ ಕೊಲಂಬಿಯಾ, ಮತ್ತೆ ಕಲ್ಪನಾ, ಒಟ್ಟು ಏಳು ಜನ. ಹಾರಿದ 82ನೇ ಸೆಕೆಂಡಿಗೆ ಮುಕ್ಕಾಲು ಕಿಲೋ ತೂಕದ ಫೋಮ್ ತುಂಡು ಎಡರೆಕ್ಕೆಯ ಅಂಚಿಗೆ ಬಡಿಯಿತು. ಒಳಗಿದ್ದವರಿಗೆ ಗೊತ್ತೇ ಆಗಲಿಲ್ಲ. ಅವರು ಎರಡು ಪಾಳಿ ಮಾಡಿಕೊಂಡು ದಿನದ 24 ಗಂಟೆಯೂ ಪ್ರಯೋಗಗಳಲ್ಲಿ ಮುಳುಗಿದ್ದರು. 80ರಷ್ಟು ಪ್ರಯೋಗಗಳಿದ್ದವು.

ಕೆಳಗೆ ನೆಲದ ಮೇಲಿದ್ದ ಇಂಜಿನಿಯರುಗಳು ಮರುದಿನ ವಿಡಿಯೋ ನೋಡಿ ಗಾಬರಿಯಾದರು. ರೆಕ್ಕೆಗೆ ಏನಾಗಿದೆ ಅಂತ ಸೇನೆಯ ಕ್ಯಾಮೆರಾಗಳಿಂದ ಫೋಟೋ ತೆಗೆಸಿಕೊಡಿ ಅಂತ ಕೇಳಿದರು. ಒಂದಲ್ಲ, ಮೂರು ಸಲ ಬೇರೆ ಬೇರೆ ದಾರಿಯಲ್ಲಿ ಕೋರಿಕೆ ಹೋಯ್ತು. ಒಂದೂ ಕೈಗೂಡಲಿಲ್ಲ. ಆಮೇಲೆ ಲೆಕ್ಕ ಹಾಕಿ ಒಂದು ಪವರ್‌ಪಾಯಿಂಟ್ ಮಾಡಿದರು. ಬಿದ್ದ ತುಂಡು ಹಿಂದೆ ಪರೀಕ್ಷೆ ಮಾಡಿದ್ದ ತುಂಡಿಗಿಂತ ಗಾತ್ರದಲ್ಲಿ 640 ಪಟ್ಟು ದೊಡ್ಡದು. ಅಂದರೆ ಆ ಹಳೇ ಪರೀಕ್ಷೆ ಇಲ್ಲಿ ಲೆಕ್ಕಕ್ಕೇ ಬರಲ್ಲ. ಈ ಮಾತು ಸ್ಲೈಡಿನ ತಳದಲ್ಲಿ, ಸಣ್ಣ ಅಕ್ಷರದಲ್ಲಿ, ಸುತ್ತಿ ಬಳಸಿ ಇತ್ತು. ಮೇಲಿನ ತಲೆಬರಹ ಓದಿದವರಿಗೆ ಸಮಾಧಾನ ಆಗುವಂತಿತ್ತು. ನಮ್ಮಲ್ಲಿ ಎಷ್ಟು ಜನ ಇಂಥ ಸ್ಲೈಡ್ ನೋಡಿಲ್ಲ ಹೇಳಿ!

ಜನವರಿ 23ಕ್ಕೆ ನೌಕೆಗೊಂದು ಇಮೇಲ್ ಹೋಯ್ತು. ಫೋಮ್ ಬಡಿದಿದೆ, ಚಿಂತೆಗೆ ಕಾರಣ ಇಲ್ಲ, ಪತ್ರಕರ್ತರು ಕೇಳಿದರೆ ಗೊತ್ತಿರಲಿ ಅಂತ ಹೇಳ್ತಿದ್ದೀವಿ ಅನ್ನೋದು ಅದರ ಸಾರಾಂಶ.

ಫೆಬ್ರವರಿ 1, ಶನಿವಾರ. ಇಳಿಯೋಕೆ 16 ನಿಮಿಷ ಇತ್ತು. ಟೆಕ್ಸಾಸ್ ಮೇಲೆ, ನೆಲದಿಂದ 60 ಕಿಲೋಮೀಟರ್ ಎತ್ತರದಲ್ಲಿ ಕೊಲಂಬಿಯಾ ಚೂರಾಯ್ತು. ರೆಕ್ಕೆಯ ತೂತಿನಿಂದ ಒಳನುಗ್ಗಿದ ಬಿಸಿಗಾಳಿ ರೆಕ್ಕೆಯನ್ನೇ ಕರಗಿಸಿತ್ತು. ಗಾಳಿ ಹೇಗೆ ಹರಿಯತ್ತೆ ಅನ್ನೋದನ್ನೇ ಬದುಕಿಡೀ ಓದಿದ ಒಬ್ಬರು ಆ ನೌಕೆಯಲ್ಲಿದ್ದರು. ಅವರ ಕೈಗೆ ಯಾರೂ ಒಂದು ಫೋಟೋ ತಲುಪಿಸಿರಲಿಲ್ಲ.

ಇಲ್ಲಿ ಆಗ ಸಂಜೆ ಏಳೂವರೆ. ನಾನಾಗ ಹೈಸ್ಕೂಲು. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಎರಡು ನಿಮಿಷ ಮೌನ ನಿಲ್ಲಿಸಿದ್ದು ನೆನಪಿದೆ. ಯಾಕೆ ಬಿತ್ತು ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ, ವಿಧಿ ಅಂದುಕೊಂಡೆವು.

ವಿಧಿಯಲ್ಲ ಅಂತ ಅದೇ ವರ್ಷದ ಆಗಸ್ಟಿನಲ್ಲಿ ಬಂದ ತನಿಖಾ ವರದಿ ಹೇಳಿತು. ಜುಲೈನಲ್ಲಿ ಅವರು ನಿಜವಾದ ರೆಕ್ಕೆಯ ಅಂಚಿಗೆ ಅಷ್ಟೇ ವೇಗದಲ್ಲಿ ಫೋಮ್ ಹೊಡೆದು ನೋಡಿದ್ದರು. ಹದಿನಾರು ಇಂಚಿನ ತೂತು ಬಿತ್ತು. ಅಪಘಾತಕ್ಕೆ ಫೋಮ್ ಎಷ್ಟು ಕಾರಣವೋ ಸಂಸ್ಥೆಯ ನಡವಳಿಕೆಯೂ ಅಷ್ಟೇ ಕಾರಣ ಅಂತ ವರದಿ ಬರೆಯಿತು. ನೌಕೆ ಸುರಕ್ಷಿತ ಅಂತ ಮೇಲಿನವರು ತೋರಿಸಬೇಕಿತ್ತು. ಬದಲಿಗೆ ಅದು ಸುರಕ್ಷಿತ ಅಲ್ಲ ಅಂತ ಇಂಜಿನಿಯರುಗಳೇ ಸಾಬೀತು ಮಾಡಬೇಕಾಗಿ ಬಂತು. ಫೋಟೋ ಇಲ್ಲದೆ ಸಾಬೀತು ಮಾಡೋದು ಹೇಗೆ? ಸಾಬೀತಾಗದೆ ಫೋಟೋ ಕೊಡಲ್ಲ. ಬೇಗ ಗೊತ್ತಾಗಿದ್ದರೆ, ಆಗ ಸಿದ್ಧವಾಗ್ತಿದ್ದ ಅಟ್ಲಾಂಟಿಸನ್ನ ತರಾತುರಿಯಲ್ಲಿ ಕಳಿಸಿ ಕರೆತರೋ ಪ್ರಯತ್ನವನ್ನಾದರೂ ಮಾಡಬಹುದಿತ್ತು ಅಂತಲೂ ವರದಿಯಲ್ಲಿದೆ.

ಅದೇ ಸಂಸ್ಥೆ, ಅದೇ ನೌಕೆ, ಅದೇ ಇಂಜಿನಿಯರ್. ಒಂದು ಸಲ ಐದು ತಿಂಗಳು ಕೂತು ಪ್ರಾಮಾಣಿಕವಾಗಿ 'ಯಾಕೆ' ಅಂತ ಕೇಳಿದ್ದರಿಂದ ಕಲ್ಪನಾ ತಲೆಯೆತ್ತಿ ಓಡಾಡಿದರು. ಇನ್ನೊಂದು ಸಲ ಆ ಪ್ರಶ್ನೆ ಹದಿನಾರು ದಿನ ಬಾಗಿಲಾಚೆಯೇ ನಿಂತಿತ್ತು. ಛದ್ಮವೇಷದ ಮಗುವಿಗೆ ಇದನ್ನ ಹೇಳೋಕಾಗಲ್ಲ, ನಿಜ. ಇಂಜಿನಿಯರಿಂಗ್ ಓದೋ ಮಕ್ಕಳಿಗಾದರೂ ಹೇಳಬೇಕು. ಕನಸು ಕಾಣು ಅನ್ನೋದರ ಜೊತೆಗೆ, ಅನುಮಾನ ಬಂದಾಗ ಜೋರಾಗಿ ಕೇಳು ಅಂತಲೂ.

ದುರಂತವಾಗಿ ನಾಲ್ಕನೇ ದಿನ, ಫೆಬ್ರವರಿ 5ರಂದು, ಪ್ರಧಾನಿ ವಾಜಪೇಯಿ ಅವರು ಇಸ್ರೋದ ಮೆಟ್‌ಸ್ಯಾಟ್ ಉಪಗ್ರಹಕ್ಕೆ ಕಲ್ಪನಾ-1 ಅಂತ ಹೆಸರಿಟ್ಟರು. ಹಿಂದಿನ ಸೆಪ್ಟೆಂಬರಿನಲ್ಲಷ್ಟೇ ಹಾರಿದ್ದ, ಹವಾಮಾನಕ್ಕೆಂದೇ ಮಾಡಿದ ನಮ್ಮ ಮೊದಲ ಉಪಗ್ರಹ ಅದು. ಅದರ ಲಗಾಮು ಇದ್ದಿದ್ದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ. ನಮ್ಮ ಜಿಲ್ಲೆಯಲ್ಲಿ. ಬಸ್ಸಿನಲ್ಲಿ ಹೋಗುವಾಗ ಆ ದೊಡ್ಡ ಬಿಳೀ ಬೋಗುಣಿಗಳು ಕಾಣಿಸ್ತವೆ. ಏಳು ವರ್ಷ ಬಾಳಲಿ ಅಂತ ಮಾಡಿದ್ದು, 2017ರವರೆಗೆ ಬಾಳಿತು. ಮುಂಗಾರು ತಡವಾದ ವರ್ಷಗಳಲ್ಲಿ ನಮ್ಮಪ್ಪ ರಾಗಿ ಬಿತ್ತನೆ ಮಾಡೋದಾ ಬೇಡವಾ ಅಂತ ಟಿವಿಯ ಮೋಡದ ಚಿತ್ರದ ಮುಂದೆ ಕೂರ್ತಿದ್ದರು. ಆ ಚಿತ್ರಗಳನ್ನ ಕಳಿಸ್ತಿದ್ದ ಉಪಗ್ರಹಗಳಲ್ಲಿ ಕಲ್ಪನಾ-1 ಕೂಡ ಒಂದು. ಮೋಂಟು ಅನ್ನೋ ಮಗು ತಾನೇ ಆರಿಸಿಕೊಂಡ ಹೆಸರು, 36,000 ಕಿಲೋಮೀಟರ್ ಮೇಲೆ ಕೂತು, ಸುಮಾರು ಹದಿನೈದು ಮುಂಗಾರುಗಳಲ್ಲಿ ನಮ್ಮ ಹೊಲಗಳ ಮೇಲಿನ ಮೋಡ ಕಾಯ್ತಿತ್ತು.